ಜನವರಿಯಲ್ಲಿ ಬಂದ ಬೇಸಿಗೆ: ಜಪಾನಿನ ಫಂಕ್ ಪಾಪ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಜಪಾನಿನ ಎಂಬತ್ತರ ದಶಕದ ಹಾಡುಗಳ ಬಗ್ಗೆ ಸುಮ್ನೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಓದಿ ನೋಡಿದರೆ ಹೆಚ್ಚಿನವರು ಒಂದೇ ಆಲ್ಬಂನ ಸುತ್ತ, ಅಂದರೆ ತತ್ಸುರೊ ಯಮಾಶಿತ ಅನ್ನುವ ಗಾಯಕರ 'ಫಾರ್ ಯೂ'ದ ಸುತ್ತ, ಸುತ್ತುತ್ತಿದ್ದಾರೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟಿದ್ದೇನೆ. ಅಡುಗೆ, ಕಾನೂನು, ಕೂದಲು ಉದುರುವುದು ಎಲ್ಲ ಮುಂದಿನ ತಿಂಗಳು.

ಪ್ರಶ್ನೆ: ಮಗನ ಫೋನಿನಲ್ಲಿ ಒಂದು ಹಾಡು ಕೇಳಿದೆ. ಶುರುವಿನಲ್ಲಿ ಬರೀ ಗಿಟಾರ್, ಚಕ್‌ಚಕ ಚಕ್‌ಚಕ ಅಂತ ಹೊಳೆಯುವ ಸದ್ದು. ಆಮೇಲೆ ಡ್ರಮ್ಸ್, ತುತ್ತೂರಿಗಳು ಒಟ್ಟಿಗೆ ನುಗ್ಗುತ್ತವೆ. ಜಪಾನಿ ಹಾಡು ಅಂದ, ಹೆಸರು ಅವನಿಗೂ ಗೊತ್ತಿಲ್ಲ. ಯಾವುದಿರಬಹುದು? (ಹಾಸನದ ಓದುಗರು)

ನೀವು ಹೇಳಿದ ಗುರುತು ನೋಡಿದರೆ ಅದು 'ಸ್ಪಾರ್ಕಲ್' ಇರಬೇಕು. ಹಾಡಿದವರು ತತ್ಸುರೊ ಯಮಾಶಿತ. 1982ರ ಜನವರಿ 21ರಂದು ಬಂದ 'ಫಾರ್ ಯೂ' ಆಲ್ಬಂನ ಮೊದಲ ಹಾಡು. ಆ ಗಿಟಾರ್ ಬಾರಿಸಿದವರೂ ಅವರೇ. ಕಂದು ಬಣ್ಣದ ಒಂದು ಫೆಂಡರ್ ಟೆಲಿಕಾಸ್ಟರ್ ಗಿಟಾರ್ ಇದೆ ಅವರ ಹತ್ತಿರ, ಕಛೇರಿಗಳಲ್ಲಿ ಇವತ್ತಿಗೂ ಅದನ್ನೇ ಹಿಡಿದು ನಿಲ್ಲುತ್ತಾರೆ. ಜಪಾನಿನಲ್ಲಿ ಗಿಟಾರ್ ಕಲಿಯುವ ಹುಡುಗರು ಆ ಮೊದಲ ಕೆಲವು ಸೆಕೆಂಡುಗಳನ್ನು ಬಾರಿಸಲು ಒದ್ದಾಡುತ್ತಾರೆ. ಕೇಳಲು ಸಲೀಸು, ಬಾರಿಸಲು ಕೂತರೆ ಬಲಗೈ ಮಣಿಕಟ್ಟು ಬಿದ್ದುಹೋಗುತ್ತದೆ.

ಈ ಸಲದ ಎಲ್ಲ ಪ್ರಶ್ನೆಗಳಿಗೂ ನಾನು ಹೇಳಬೇಕಾದ್ದು ಹೆಚ್ಚುಕಡಿಮೆ ಇದೇ. ಕಿವಿಗೆ ಹಗುರ ಅನ್ನಿಸುವ ಈ ಆಲ್ಬಂ ಹಗುರವಾಗಿ ಆದದ್ದಲ್ಲ. ವರ್ಷಗಟ್ಟಲೆ ರೆಕಾರ್ಡ್ ಮಾರಾಟವಾಗದೆ ಪರದಾಡಿದ ಮನುಷ್ಯನೊಬ್ಬ ಕೊನೆಗೂ ತನಗೆ ಬೇಕಾದ ವಾದಕರನ್ನೂ ಬೇಕಾದಷ್ಟು ಸ್ಟುಡಿಯೊ ಸಮಯವನ್ನೂ ಗಳಿಸಿಕೊಂಡಾಗ ಹೊರಬಂದದ್ದು ಇದು.

ಪ್ರಶ್ನೆ: ಫಂಕ್ ಫಂಕ್ ಅಂತೀರಿ. ಡಿಸ್ಕೊಗೂ ಇದಕ್ಕೂ ಏನು ವ್ಯತ್ಯಾಸ? ಸಂಗೀತ ಓದದವರಿಗೂ ಅರ್ಥವಾಗುವ ಹಾಗೆ ಹೇಳಿ. (ಶಿರಸಿ)

ಡಿಸ್ಕೊದಲ್ಲಿ ಕಾಲ್ಡ್ರಮ್ಮು ನಾಲ್ಕೂ ಎಣಿಕೆಗೆ ಒಂದೇ ಸಮ ಬೀಳುತ್ತದೆ. ಧಂ, ಧಂ, ಧಂ, ಧಂ. ಯಾರು ಬೇಕಾದರೂ ಹೆಜ್ಜೆ ಹಾಕಬಹುದು. ಫಂಕ್‌ನಲ್ಲಿ ಮೊದಲ ಎಣಿಕೆ ಮಾತ್ರ ಗಟ್ಟಿ, ಉಳಿದ ಜಾಗವನ್ನು ವಾದಕರು ಚೂರುಚೂರು ಹಂಚಿಕೊಳ್ಳುತ್ತಾರೆ. ಒಂದು ಸಾಲನ್ನು ಹದಿನಾರು ತುಂಡು ಮಾಡಿ, ಯಾವ ತುಂಡಿನಲ್ಲಿ ಬಾರಿಸಬೇಕು, ಯಾವುದರಲ್ಲಿ ಸುಮ್ಮನಿರಬೇಕು ಅನ್ನುವುದೇ ಅಲ್ಲಿನ ಆಟ. ಬಾಸ್ ಗಿಟಾರ್‌ನವನು ತಂತಿಯನ್ನು ಹೆಬ್ಬೆರಳಿನಿಂದ ಹೊಡೆದು, ಇನ್ನೊಂದು ಬೆರಳಿನಿಂದ ಎಳೆದು ಬಿಡುತ್ತಾನೆ, ಅದಕ್ಕೆ ಸ್ಲ್ಯಾಪ್ ಅನ್ನುತ್ತಾರೆ. ಗಿಟಾರ್‌ನವನು ಎಡಗೈಯಿಂದ ತಂತಿಯನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಸದ್ದನ್ನು ಕತ್ತರಿಸುತ್ತಾನೆ, ಬಲಗೈ ಮಾತ್ರ ನಿಲ್ಲದೆ ಓಡುತ್ತಲೇ ಇರುತ್ತದೆ. ನಿಮ್ಮ ಕಾಲು ತಾನಾಗಿ ಅಲ್ಲಾಡಿದರೆ ಡಿಸ್ಕೊ, ಕತ್ತು ಅಲ್ಲಾಡಿದರೆ ಫಂಕ್. ಶಾಸ್ತ್ರದ ಪ್ರಕಾರ ಇದು ತಪ್ಪೇ ಇರಬಹುದು, ನನಗೆ ಸಾಕು.

ಇದರ ಮೇಲೆ ಜಪಾನಿನವರು ಸರಾಗವಾದ ಪಾಪ್ ರಾಗ, ಜಾಝ್‌ನಿಂದ ಬಂದ ಸ್ವಲ್ಪ ಸಂಕೀರ್ಣವಾದ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು), ಒಂದರ ಮೇಲೊಂದು ಕೂತ ಕೋರಸ್ ಇಟ್ಟರು. ಕೆಳಗೆ ಬೆವರು, ಮೇಲೆ ತಂಗಾಳಿ.

ಪ್ರಶ್ನೆ: ಈ ಯಮಾಶಿತ ಮೊದಲ ಆಲ್ಬಂನಿಂದಲೇ ಗೆದ್ದವರಾ? ನಮ್ಮ ಹುಡುಗರಿಗೆ ಹೇಳಲು ಒಂದು ಒಳ್ಳೆ ಉದಾಹರಣೆ ಬೇಕಿತ್ತು. (ನಿವೃತ್ತ ಮೇಷ್ಟ್ರು, ಧಾರವಾಡ)

ಮೇಷ್ಟ್ರೇ, ಉದಾಹರಣೆಯಾಗಿ ಹೇಳುವ ಮೊದಲು ಪೂರ್ತಿ ಕತೆ ಕೇಳಿ. ಕಷ್ಟಪಟ್ಟರೆ ಫಲ ಸಿಗುತ್ತದೆ ಅನ್ನುವಷ್ಟು ಸರಳ ಅಲ್ಲ ಇದು.

ಹುಟ್ಟಿದ್ದು 1953ರಲ್ಲಿ, ಟೋಕಿಯೊದಲ್ಲಿ. ಹುಡುಗನಾಗಿದ್ದಾಗ ಡ್ರಮ್ಸ್ ಬಾರಿಸುತ್ತಿದ್ದರು. 1972ರಲ್ಲಿ ಗೆಳೆಯರ ಜೊತೆ ಸೇರಿ ಕೈಯಿಂದ ದುಡ್ಡು ಹಾಕಿ ಒಂದು ರೆಕಾರ್ಡ್ ಮಾಡಿದರು. ಅಮೆರಿಕದ ಬೀಚ್ ಬಾಯ್ಸ್ ತಂಡದ ಮೇಲಿನ ಹುಚ್ಚು ಅದರ ತುಂಬ ಇತ್ತು. ಮರುವರ್ಷ 'ಶುಗರ್ ಬೇಬ್' ಅನ್ನುವ ತಂಡ ಕಟ್ಟಿದರು. ಆಮೇಲೆ ತಾವೇ ದೊಡ್ಡ ಹೆಸರಾದ ತಾಯೆಕೊ ಓನುಕಿ ಕೂಡ ಅದರಲ್ಲಿದ್ದರು. 1975ರ ಏಪ್ರಿಲ್‌ನಲ್ಲಿ ಅವರ ಒಂದೇ ಒಂದು ಆಲ್ಬಂ ಬಂತು, ಮಾಡಿಸಿದವರು ಎಯಿಚಿ ಓತಾಕಿ. ಅದನ್ನು ಅಂಗಡಿಗಳಿಗೆ ಹಂಚುತ್ತಿದ್ದ ಕಂಪನಿಯೇ ಮುಳುಗಿತು. 1976ರಲ್ಲಿ ತಂಡವೂ ಒಡೆಯಿತು. ಈಗ ಅದೇ ಆಲ್ಬಂ ಅನ್ನು ಜಪಾನಿ ಪಾಪ್‌ನ ಮೂಲಗ್ರಂಥ ಅನ್ನುವ ಹಾಗೆ ಮಾತಾಡುತ್ತಾರೆ, ಆಗ ಕೇಳಿದವರು ಎಷ್ಟು ಜನವೋ.

ಒಬ್ಬರೇ ಆದ ಮೇಲೆ ಆರ್‌ವಿಸಿ ಕಂಪನಿಗೆ ಹೋದರು. ಆರ್‌ಸಿಎ ಮತ್ತು ಜಪಾನಿನ ವಿಕ್ಟರ್ ಸೇರಿ ಕಟ್ಟಿದ ಕಂಪನಿ ಅದು. ಇಪ್ಪತ್ತಮೂರರ ಹುಡುಗ ಹೋಗಿ, ಅಮೆರಿಕದ ಫೋರ್ ಸೀಸನ್ಸ್ ತಂಡದ ಹಾಡುಗಳಿಗೆ ವಾದ್ಯ ಸಂಯೋಜನೆ ಮಾಡಿದ ಚಾರ್ಲ್ಸ್ ಕಲೆಲೊ ಅವರ ಕೈಯಲ್ಲೇ ತನ್ನ ಆಲ್ಬಂ ಮಾಡಿಸಬೇಕು ಅಂದ! ಕಂಪನಿಯೂ ಒಪ್ಪಿತು ನೋಡಿ. 'ಸರ್ಕಸ್ ಟೌನ್' ಆಲ್ಬಂನ ಒಂದು ಮಗ್ಗುಲು ನ್ಯೂಯಾರ್ಕಿನಲ್ಲಿ, ಇನ್ನೊಂದು ಮಗ್ಗುಲು ಲಾಸ್ ಏಂಜಲೀಸ್‌ನಲ್ಲಿ ರೆಕಾರ್ಡ್ ಆಯಿತು. 1976ರ ಅಕ್ಟೋಬರ್‌ನಲ್ಲಿ ಬಂತು. ಗೆಲ್ಲಲಿಲ್ಲ. 1977ರಲ್ಲಿ 'ಸ್ಪೇಸಿ' ಬಂತು, ಹರುಓಮಿ ಹೊಸೊನೊ, ರ್ಯೂಯಿಚಿ ಸಕಾಮೊಟೊ ಥರದ ದಿಗ್ಗಜರು ವಾದಕರಾಗಿ ಕೂತಿದ್ದರು. ಅದೂ ದುಡ್ಡು ತರಲಿಲ್ಲ. ಹೊಟ್ಟೆಪಾಡಿಗೆ ಜಾಹೀರಾತಿನ ಪುಟ್ಟ ಹಾಡುಗಳು, ಬೇರೆಯವರ ಹಾಡಿಗೆ ಹಿಂದಿನಿಂದ ಕೋರಸ್.

1978ರ ಡಿಸೆಂಬರ್‌ನಲ್ಲಿ 'ಗೋ ಅಹೆಡ್!' ಬಂದಾಗ ಇದೇ ತನ್ನ ಕೊನೆ ಆಲ್ಬಂ ಅಂದುಕೊಂಡಿದ್ದರಂತೆ. ಹೆಸರು ಮಾತ್ರ 'ಮುಂದೆ ನಡಿ'! ಅದೃಷ್ಟ ತಿರುಗಿದ್ದು ಅಲ್ಲೇ. ಅದರಲ್ಲಿ 'ಬಾಂಬರ್' ಅಂತ ಒಂದು ಹಾಡಿದೆ, ಅಪ್ಪಟ ಫಂಕ್, ಬಾಸ್ ಗಿಟಾರ್ ಎದೆಗೆ ಗುದ್ದುತ್ತದೆ. ಟೋಕಿಯೊದವರು ಕಿವಿಗೆ ಹಾಕಿಕೊಳ್ಳಲಿಲ್ಲ. ಒಸಾಕಾದ ಡಿಸ್ಕೊಗಳಲ್ಲಿ ರೆಕಾರ್ಡ್ ಹಾಕುವ ಹುಡುಗರು ಮಾತ್ರ ಅದನ್ನು ಹಿಡಿದುಕೊಂಡರು. ಕುಣಿಯುವವರು ಮತ್ತೆ ಮತ್ತೆ ಕೇಳತೊಡಗಿದರು. ಕಂಪನಿಯವರು ಲೆಕ್ಕ ಹಾಕಿದ್ದಲ್ಲ, ಪತ್ರಿಕೆಯವರು ಹೊಗಳಿದ್ದಲ್ಲ. ನನಗೆ ಈ ಕತೆಯಲ್ಲಿ ಜಾಸ್ತಿ ಇಷ್ಟವಾಗುವ ಭಾಗ ಇದು. ಮುಂದಿನ ಆಲ್ಬಂ 'ಮೂನ್‌ಗ್ಲೋ' 1979ರಲ್ಲಿ ಪರವಾಗಿಲ್ಲ ಅನ್ನುವಷ್ಟು ಓಡಿತು. ಆ ಹೊತ್ತಿಗೆ ರ್ಯೂಜೊ ಕೊಸುಗಿ ಅನ್ನುವ ಕಂಪನಿಯ ಮನುಷ್ಯ ಇವರ ಬೆನ್ನಿಗೆ ಗಟ್ಟಿಯಾಗಿ ನಿಂತಿದ್ದರು. 'ಏರ್' ಅನ್ನುವ ಬೇರೆ ಲೇಬಲ್ಲೂ (ರೆಕಾರ್ಡ್ ಬಿಡುವ ಹೆಸರು) ಆಯಿತು.

ಹುಡುಗರಿಗೆ ಏನು ಹೇಳುತ್ತೀರೋ ನೀವೇ ನೋಡಿ. ಪ್ರತಿಭೆ ಇತ್ತು, ಹಠ ಇತ್ತು. ಆದರೆ ಒಸಾಕಾದ ಆ ಡಿಸ್ಕೊ ಹುಡುಗರು ಇರದಿದ್ದರೆ?

ಪ್ರಶ್ನೆ: ಅವರು ಕ್ಯಾಸೆಟ್ ಕಂಪನಿಯ ಜಾಹೀರಾತಿನಿಂದ ಪ್ರಸಿದ್ಧರಾದದ್ದು ಅಂತ ಎಲ್ಲೋ ಓದಿದೆ. ಕಲಾವಿದ ಅನ್ನಿಸಿಕೊಂಡವರು ಹೀಗೆ ಮಾರಾಟಕ್ಕೆ ನಿಲ್ಲಬಹುದಾ? (ಹೆಸರು ಬೇಡ ಅಂದಿದ್ದಾರೆ)

ನಿಂತರು, ಒಳ್ಳೆಯದೇ ಆಯಿತು.

1980ರ ಮೇ ತಿಂಗಳಲ್ಲಿ 'ರೈಡ್ ಆನ್ ಟೈಮ್' ಅನ್ನುವ ಸಿಂಗಲ್ (ಒಂದೆರಡು ಹಾಡಿನ ಪುಟ್ಟ ರೆಕಾರ್ಡ್) ಬಂತು. ಮ್ಯಾಕ್ಸೆಲ್ ಕಂಪನಿಯ ಖಾಲಿ ಕ್ಯಾಸೆಟ್‌ನ ಟಿವಿ ಜಾಹೀರಾತಿಗೆ ಅದೇ ಹಾಡು, ತೆರೆಯ ಮೇಲೆ ಸಮುದ್ರದ ನೀರಿನಲ್ಲಿ ನಿಂತವರೂ ಇವರೇ. ಉದ್ದ ಕೂದಲಿನ, ಸಿನಿಮಾ ಹೀರೊ ಥರ ಕಾಣದ ಮನುಷ್ಯ. ಹಾಡು ಒರಿಕಾನ್ ಪಟ್ಟಿಯಲ್ಲಿ, ಅಂದರೆ ಜಪಾನಿನ ರೆಕಾರ್ಡ್ ಮಾರಾಟದ ಪಟ್ಟಿಯಲ್ಲಿ, 3ನೇ ಸ್ಥಾನಕ್ಕೆ ಹೋಯಿತು. ಸೆಪ್ಟೆಂಬರ್‌ನಲ್ಲಿ ಅದೇ ಹೆಸರಿನ ಆಲ್ಬಂ ಬಂದು 1ನೇ ಸ್ಥಾನ ಹಿಡಿಯಿತು.

ಕಾಲವನ್ನೂ ನೋಡಿ. ಸೋನಿಯ ವಾಕ್‌ಮ್ಯಾನ್ ಅಂಗಡಿಗೆ ಬಂದದ್ದು 1979ರ ಜುಲೈನಲ್ಲಿ. 1980ರಲ್ಲಿ ಟೋಕಿಯೊ ಪಕ್ಕದ ಮಿತಾಕಾದಲ್ಲಿ ರೆಕಾರ್ಡ್ ಬಾಡಿಗೆಗೆ ಕೊಡುವ ಅಂಗಡಿ ಶುರುವಾಯಿತು, ಆಮೇಲೆ ಊರೂರಲ್ಲಿ. ಕಾಲೇಜು ಹುಡುಗರು ರೆಕಾರ್ಡ್ ಬಾಡಿಗೆಗೆ ತಂದು, ರಾತ್ರಿ ಕೂತು ಕ್ಯಾಸೆಟ್‌ಗೆ ಇಳಿಸಿಕೊಂಡು, ಬೆಳಿಗ್ಗೆ ವಾಪಸ್ ಕೊಡುತ್ತಿದ್ದರು. ರೆಕಾರ್ಡ್ ಕಂಪನಿಗಳು ಇದನ್ನು ಕಳ್ಳತನ ಅಂತ ಕೂಗಾಡಿದವು, ಬಾಡಿಗೆಯ ಹಕ್ಕು ಕಾನೂನಿನಲ್ಲಿ ಸೇರಿದ್ದು 1984ರಲ್ಲಿ. ಅಂಥ ಹೊತ್ತಿನಲ್ಲಿ ಒಬ್ಬ ಗಾಯಕ ಖಾಲಿ ಕ್ಯಾಸೆಟ್‌ನ ಜಾಹೀರಾತಿನಿಂದ ಗೆದ್ದು ರೆಕಾರ್ಡ್ ಕಂಪನಿಗೆ ದುಡ್ಡು ತಂದುಕೊಟ್ಟ! ಇದಕ್ಕಿಂತ ತಮಾಷೆ ಬೇಕಾ.

ಕಲಾವಿದ ಮಾರಾಟವಾದನಾ ಅಂತ ಕೇಳುವವರು ಆ ದುಡ್ಡಿನಿಂದ ಅವನು ಏನು ಮಾಡಿದ ಅಂತಲೂ ಕೇಳಬೇಕು. ಇವರು ಕಾರು ಬಂಗಲೆ ಅಂತ ಮೆರೆದ ಸುದ್ದಿ ನಾನು ಎಲ್ಲೂ ಓದಿಲ್ಲ. ಗೆದ್ದ ಮೇಲೆ ಕಂಪನಿಯಲ್ಲಿ ಮಾತು ನಡೆಯತೊಡಗಿತು. ಎರಡು ತಿಂಗಳಲ್ಲಿ ಆಲ್ಬಂ ಮುಗಿಸಿ ಕೊಡು ಅನ್ನುವವರು ಸುಮ್ಮನಾದರು. 'ಫಾರ್ ಯೂ' ಬಂದದ್ದು ಆ ಸ್ವಾತಂತ್ರ್ಯದಿಂದ.

ಪ್ರಶ್ನೆ: ನಾನು ಮನೆಯಲ್ಲೇ ಲ್ಯಾಪ್‌ಟಾಪಿನಲ್ಲಿ ಹಾಡು ಮಾಡುತ್ತೇನೆ. ಡ್ರಮ್ಸ್, ಬಾಸ್ ಎಲ್ಲ ಸಾಫ್ಟ್‌ವೇರ್. ಆ ಆಲ್ಬಂನ ಸದ್ದು ಎಷ್ಟು ಪ್ರಯತ್ನಿಸಿದರೂ ಬರುತ್ತಿಲ್ಲ. ಯಾವ ಪ್ಲಗಿನ್ (ಸದ್ದು ತಿದ್ದುವ ಪುಟ್ಟ ಸಾಫ್ಟ್‌ವೇರ್) ಹಾಕಬೇಕು? (ಬೆಂಗಳೂರು)

ಪ್ಲಗಿನ್ ಹೆಸರು ಜುನ್ ಆಓಯಾಮ. ಅಂಗಡಿಯಲ್ಲಿ ಸಿಗುವುದಿಲ್ಲ.

ತಮಾಷೆ ಬಿಡಿ. ಯಮಾಶಿತ ವರ್ಷಗಟ್ಟಲೆ ಹುಡುಕುತ್ತಿದ್ದದ್ದು ತನ್ನದೇ ಆದ ಒಂದು ಲಯದ ತಂಡವನ್ನು. ಒಬ್ಬೊಬ್ಬ ಒಳ್ಳೆಯ ವಾದಕ ಸಿಗುತ್ತಿದ್ದ, ಆದರೆ ಅವನಿಗೆ ಹತ್ತು ಕಡೆ ಕೆಲಸ. ಒಂದು ಹಾಡಿಗೆ ಬಂದವನು ಇನ್ನೊಂದಕ್ಕೆ ಸಿಗುತ್ತಿರಲಿಲ್ಲ. 1980ರ ಹೊತ್ತಿಗೆ ಡ್ರಮ್ಸ್‌ನ ಆಓಯಾಮ ಮತ್ತು ಬಾಸ್‌ನ ಕೋಕಿ ಇತೊ ಜೋಡಿ ಸಿಕ್ಕಿತು. ಆಓಯಾಮಗೆ ಆಗ ಇಪ್ಪತ್ತಮೂರೂ ಸರಿಯಾಗಿ ತುಂಬಿರಲಿಲ್ಲ. ಗಿಟಾರ್‌ಗೆ ಕಾಜುಓ ಶೀನಾ, ಕೀಬೋರ್ಡ್‌ಗೆ ಹಿರೊಯುಕಿ ನಂಬಾ. ಇವರು ಸ್ಟುಡಿಯೊದಲ್ಲಿ ಮಾತ್ರವಲ್ಲ, ಊರೂರು ಕಛೇರಿಗೂ ಒಟ್ಟಿಗೆ ಹೋದರು. ನೂರಾರು ಜನರ ಮುಂದೆ ಒಟ್ಟಿಗೆ ಬಾರಿಸಿ ಬಾರಿಸಿ ಬಂದ ಹೊಂದಾಣಿಕೆಯನ್ನು ಟೇಪಿನ ಮೇಲೆ ಇಳಿಸಿದರು. 'ಲವ್ ಟಾಕಿನ್' ಹಾಡನ್ನು ಇಯರ್‌ಫೋನ್ ಹಾಕಿಕೊಂಡು ಕೇಳಿ. ಬಾಸ್ ಮತ್ತು ಕಾಲ್ಡ್ರಮ್ಮು ಒಂದೇ ಮನುಷ್ಯ ಬಾರಿಸಿದ ಹಾಗಿರುತ್ತವೆ. ಆದರೂ ನಿಮ್ಮ ಕಂಪ್ಯೂಟರ್ ಗೆರೆ ಎಳೆದ ಹಾಗೆ ಕರಾರುವಾಕ್ಕಾಗಿ ಇರುವುದಿಲ್ಲ. ಸ್ನೇರ್ ಡ್ರಮ್ಮಿನ ದೊಡ್ಡ ಏಟುಗಳ ನಡುವೆ ಕೇಳಿಯೂ ಕೇಳಿಸದ ಸಣ್ಣ ಸಣ್ಣ ಏಟುಗಳಿರುತ್ತವೆ, ಹಾಡನ್ನು ಮುಂದೆ ತಳ್ಳುವುದು ಅವೇ.

ಕೆಲಸದ ಕ್ರಮವೂ ಗೊತ್ತಿರಲಿ. ಆಗ ದೊಡ್ಡ ಸ್ಟುಡಿಯೊಗಳಲ್ಲಿ 24 ಟ್ರ್ಯಾಕಿನ ಅಗಲ ಟೇಪು, ಅಂದರೆ 24 ಸದ್ದುಗಳನ್ನು ಬೇರೆ ಬೇರೆಯಾಗಿ ಹಿಡಿದಿಡುವಂಥದ್ದು. ಮೊದಲು ಡ್ರಮ್ಸ್, ಬಾಸ್, ಗಿಟಾರ್, ಕೀಬೋರ್ಡ್ ಒಟ್ಟಿಗೆ ಒಂದೇ ಏಟಿಗೆ ಬಾರಿಸುತ್ತಾರೆ. ಆಮೇಲೆ ಅದರ ಮೇಲೆ ತುತ್ತೂರಿಗಳು, ಪಿಟೀಲುಗಳು, ತಾಳವಾದ್ಯಗಳು. ಕೊನೆಗೆ ದನಿ. ಇವರ ದನಿಯ ಕೆಲಸವೇ ಒಂದು ಅಧ್ಯಾಯ. ಕೋರಸ್‌ನ ಒಂದೊಂದು ಸ್ವರವನ್ನೂ ತಾವೇ ಹಾಡಿ, ಮತ್ತೆ ಹಾಡಿ, ಒಂದರ ಮೇಲೊಂದು ಜೋಡಿಸುತ್ತಾ ಹೋಗುತ್ತಾರೆ. ಇಂಥದ್ದೇ ಹುಚ್ಚಿನಲ್ಲಿ 1980ರ ಡಿಸೆಂಬರ್‌ನಲ್ಲಿ ಎಲ್ಲ ದನಿಗಳನ್ನೂ ಒಬ್ಬರೇ ಹಾಡಿದ ಪೂರ್ತಿ ಆಲ್ಬಂ ಒಂದನ್ನು ಹೊರಗೆ ತಂದಿದ್ದರು. 'ಸ್ಪಾರ್ಕಲ್'ನಲ್ಲಿ ಮಾತ್ರ ಜೊತೆಗೆ ತಾಯೆಕೊ ಓನುಕಿ, ಗಾಯಕಿ ಮಿನಾಕೊ ಯೋಶಿದಾ ಇಬ್ಬರ ದನಿಯೂ ಇದೆ. ಹೆಣ್ಣುದನಿ ಸೇರಿದ ಕೂಡಲೇ ಆ ಹಾಡಿಗೆ ಕಿಟಕಿ ತೆರೆದ ಹಾಗಾಗುತ್ತದೆ. ಇದನ್ನೆಲ್ಲ ಮಿಶ್ರ ಮಾಡಿದ ಎಂಜಿನಿಯರ್ ತಮೋತ್ಸು ಯೋಶಿದಾ, ಮಿನಾಕೊ ಅವರ ಅಣ್ಣ. ಇಷ್ಟೊಂದು ವಾದ್ಯ ತುಂಬಿದ್ದರೂ ಒಂದಕ್ಕೊಂದು ಡಿಕ್ಕಿ ಹೊಡೆಯದ ಹಾಗೆ ಜಾಗ ಮಾಡಿಕೊಟ್ಟವರು ಅವರು. ರೆಕಾರ್ಡ್ ಕವರಿನ ಹಿಂದಿನ ಸಣ್ಣಕ್ಷರ ಓದುವ ಅಭ್ಯಾಸ ಇಲ್ಲದವರಿಗೆ ಇಂಥವರ ಹೆಸರು ಯಾವತ್ತೂ ಗೊತ್ತಾಗುವುದಿಲ್ಲ.

ನಿಮಗೆ ಒಂದೇ ಸಲಹೆ. ಎಲ್ಲ ಸಾಫ್ಟ್‌ವೇರ್ ಇರಲಿ, ಒಂದು ವಾದ್ಯವನ್ನಾದರೂ ಮನುಷ್ಯರಿಂದ ಬಾರಿಸಿ. ಗಿಟಾರ್ ಸಾಕು. ಮತ್ತೆ ಅದನ್ನು ಗೆರೆಗೆ ಎಳೆದು ಕೂರಿಸಬೇಡಿ. ಸಮಾಧಾನ ಬೇಕಿದ್ದರೆ ಇದನ್ನೂ ಕೇಳಿ: 1986ರಲ್ಲಿ 'ಪಾಕೆಟ್ ಮ್ಯೂಸಿಕ್' ಮಾಡುವಾಗ ಯಮಾಶಿತ ಡಿಜಿಟಲ್ ರೆಕಾರ್ಡಿಂಗ್‌ಗೆ ಹೋದರು. ಬೇಕಾದ ಸದ್ದು ಬರದೆ ಅವರೂ ನಿಮ್ಮ ಹಾಗೇ ಒದ್ದಾಡಿದರು.

ಪ್ರಶ್ನೆ: ಭಾಷೆ ಅರ್ಥವಾಗದೆ ಹಾಡು ಕೇಳಿ ಏನು ಪ್ರಯೋಜನ? (ತುಮಕೂರು)

ಹಿಂದೂಸ್ತಾನಿ ತರಾನಾ ಕೇಳಿ ತಲೆದೂಗುವವರು ಈ ಪ್ರಶ್ನೆ ಕೇಳಬಾರದು. ಇರಲಿ. 'ಫಾರ್ ಯೂ'ದ ಮುಖ್ಯ ಹಾಡುಗಳ ಸಾಹಿತ್ಯ ಮಿನಾಕೊ ಯೋಶಿದಾ ಅವರದು. ಅವರು ತಾವೇ ದೊಡ್ಡ ಫಂಕ್ ಗಾಯಕಿ. ಹಾಗಾಗಿ ಪದಗಳು ಲಯಕ್ಕೆ ಸರಿಯಾಗಿ ಕೂರುತ್ತವೆ. ಕೊನೆಯ 'ಯುವರ್ ಐಸ್' ಪೂರ್ತಿ ಇಂಗ್ಲಿಷ್, ಬರೆದವರು ಅಮೆರಿಕದ ಅಲನ್ ಓ'ಡೇ. 'ಹೇ ರಿಪೋರ್ಟರ್!' ಅನ್ನುವುದು ಸಿನಿಮಾ ಪತ್ರಿಕೆಗಳ ಥರದ ಗಾಸಿಪ್ ವರದಿಗಾರರ ಮೇಲೆ ಸಿಟ್ಟಿಗೆದ್ದು ಬರೆದ ಹಾಡು. ಗಾಯಕಿ ಮರಿಯಾ ತಾಕೆಉಚಿ ಜೊತೆಗಿನ ಇವರ ಸ್ನೇಹದ ಬೆನ್ನು ಹತ್ತಿದ್ದರು ಆ ಜನ. ಆಲ್ಬಂ ಬಂದ ಕೆಲವೇ ತಿಂಗಳಿಗೆ ಇಬ್ಬರೂ ಮದುವೆಯಾದರು.

ಪ್ರಶ್ನೆ: ಕವರಿನ ಚಿತ್ರ ನೋಡಿದರೆ ಬಿಸಿಲು, ನೀಲಿ ಆಕಾಶ. ಬೇಸಿಗೆ ರಜೆಗೆ ಅಂತಲೇ ಬಿಟ್ಟಿದ್ದಾ? (ಮಂಗಳೂರು)

ಹಾಗನ್ನಿಸಬೇಕು, ಅಲ್ವಾ? ಬಿಟ್ಟದ್ದು ಜನವರಿಯಲ್ಲಿ. ಟೋಕಿಯೊದಲ್ಲಿ ಜನ ದಪ್ಪ ಕೋಟು ಹಾಕಿಕೊಂಡು ನಡುಗುವ ತಿಂಗಳು. ಅವರ ಹಿಂದಿನ ಆಲ್ಬಂಗಳ ತಾರೀಖು ನೋಡಿ: 'ಗೋ ಅಹೆಡ್!' ಡಿಸೆಂಬರ್, 'ಮೂನ್‌ಗ್ಲೋ' ಅಕ್ಟೋಬರ್, 'ರೈಡ್ ಆನ್ ಟೈಮ್' ಸೆಪ್ಟೆಂಬರ್. ಆದರೂ ಜಪಾನಿನಲ್ಲಿ ಬೇಸಿಗೆ, ಸಮುದ್ರ, ತತ್ಸುರೊ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿ ಬಂತು. ಇನ್ನೂ ಮಜಾ ಇದೆ. ಮರುವರ್ಷದ 'ಮೆಲೋಡೀಸ್' ಆಲ್ಬಂನಲ್ಲಿ 'ಕ್ರಿಸ್ಮಸ್ ಈವ್' ಇದೆ, ಜಪಾನಿನವರು ಇವತ್ತಿಗೂ ಪ್ರತಿ ಡಿಸೆಂಬರ್‌ನಲ್ಲಿ ಕೇಳುವ ಹಾಡು. ಆ ಆಲ್ಬಂ ಬಂದದ್ದು ಜೂನ್‌ನಲ್ಲಿ! ಆ ಹಾಡು ಒರಿಕಾನ್‌ನ 1ನೇ ಸ್ಥಾನಕ್ಕೆ ಏರಿದ್ದು 1989ರ ಡಿಸೆಂಬರ್‌ನಲ್ಲಿ, ರೈಲ್ವೆ ಕಂಪನಿಯೊಂದರ ಜಾಹೀರಾತಿಗೆ ಬಳಸಿದ ಮೇಲೆ.

ಕವರಿನ ಚಿತ್ರ ಈಜಿನ್ ಸುಜುಕಿ ಅವರದು. ಅಮೆರಿಕದ ಯಾವುದೋ ಬೀದಿಯ ಅಂಗಡಿ, ಚೂಪು ನೆರಳು, ಮನುಷ್ಯರೇ ಇಲ್ಲ. ಅದೇ ಕಾಲದಲ್ಲಿ 'ಎಫ್‌ಎಂ ಸ್ಟೇಷನ್' ಅನ್ನುವ ಪತ್ರಿಕೆಗೂ ಅವರೇ ಮುಖಪುಟ ಬರೆಯುತ್ತಿದ್ದರು. ರೇಡಿಯೊದಲ್ಲಿ ಯಾವ ಹಾಡು ಯಾವಾಗ ಬರುತ್ತದೆ ಅಂತ ಅಚ್ಚು ಹಾಕುವ ಪತ್ರಿಕೆ ಅದು, ಓದುಗರು ಸಮಯ ನೋಡಿಕೊಂಡು ಕ್ಯಾಸೆಟ್‌ಗೆ ಇಳಿಸಿಕೊಳ್ಳುತ್ತಿದ್ದರು. ಕ್ಯಾಸೆಟ್ ಡಬ್ಬಿಗೆ ಹಾಕಲು ಸುಜುಕಿಯ ಚಿತ್ರದ ಚೀಟಿಯೂ ಜೊತೆಗೆ ಸಿಗುತ್ತಿತ್ತು. ಹೀಗಾಗಿ ಆ ಬಿಸಿಲಿನ ಚಿತ್ರ ಮತ್ತು ಈ ಸದ್ದು ಒಂದು ತಲೆಮಾರಿನ ಜನರ ತಲೆಯಲ್ಲಿ ಅಂಟಿಕೊಂಡುಬಿಟ್ಟಿವೆ. ಆಲ್ಬಂ ಒರಿಕಾನ್‌ನಲ್ಲಿ 1ನೇ ಸ್ಥಾನಕ್ಕೆ ಹೋಯಿತು. ಅದರ ಬೆನ್ನಿಗೇ ಯಮಾಶಿತ ಆರ್‌ವಿಸಿ ಬಿಟ್ಟು, ಕೊಸುಗಿ ಜೊತೆ ಸೇರಿ 'ಮೂನ್' ಅನ್ನುವ ಹೊಸ ಲೇಬಲ್ ಕಟ್ಟಿದರು. ಹಳೆ ಕಂಪನಿ ಜುಲೈನಲ್ಲಿ ಅವರ ಗೆದ್ದ ಹಾಡುಗಳ ಸಂಗ್ರಹ ಒಂದನ್ನು ಬಿಟ್ಟು ಸಮಾಧಾನ ಮಾಡಿಕೊಂಡಿತು.

ಪ್ರಶ್ನೆ: ಇದೆಲ್ಲ ಅಮೆರಿಕದವರ ನಕಲು ತಾನೇ? ಕರಿಯರ ಸಂಗೀತ ಕದ್ದು ಸೂಟು ಹಾಕಿಸಿದ್ದು. ಇದರಲ್ಲಿ ಜಪಾನ್ ಎಲ್ಲಿದೆ? (ಮೈಸೂರು)

ಖಾರವಾದ ಪ್ರಶ್ನೆ, ಬೇಕಾದದ್ದೂ ಹೌದು. ಮೂಲ ಅಲ್ಲಿಯದೇ. ಅಮೆರಿಕದ ಕಪ್ಪು ಜನರ ಸಂಗೀತ ಇಲ್ಲದಿದ್ದರೆ ಈ ಆಲ್ಬಂ ಇಲ್ಲ. ಯಮಾಶಿತ ಅದನ್ನು ಯಾವತ್ತೂ ಮುಚ್ಚಿಟ್ಟವರಲ್ಲ. 1992ರಿಂದ ಟೋಕಿಯೊ ಎಫ್‌ಎಂನಲ್ಲಿ ವಾರಕ್ಕೊಮ್ಮೆ ಒಂದು ಕಾರ್ಯಕ್ರಮ ನಡೆಸುತ್ತಿದ್ದಾರೆ. ಅದರಲ್ಲಿ ತಮ್ಮ ಸಂಗ್ರಹದ ಹಳೆ ಅಮೆರಿಕನ್ ರೆಕಾರ್ಡ್‌ಗಳನ್ನು, ರೇಡಿಯೊದಲ್ಲಿ ಚೆನ್ನಾಗಿ ಕೇಳಿಸಲಿ ಅಂತ ತಾವೇ ಸದ್ದು ತಿದ್ದಿ ಹಾಕುತ್ತಾರೆ. ಡೂವಾಪ್, ಸೋಲ್ ಥರದ ಹಳೆ ಶೈಲಿಗಳು, ಮರೆತುಹೋದ ಗಾಯಕರು. ಕದ್ದವನು ಮಾಲೀಕನ ಹೆಸರನ್ನು ಪ್ರತಿ ವಾರ ರೇಡಿಯೊದಲ್ಲಿ ಹೇಳುವುದಿಲ್ಲ.

ಆದರೆ ನಿಮ್ಮ ಮಾತಿನಲ್ಲಿ ಒಂದು ಸತ್ಯ ಇದೆ. ಫಂಕ್ ಹುಟ್ಟಿದ್ದು ಸಿಟ್ಟು, ಹೆಮ್ಮೆ, ಬೀದಿಯ ಬದುಕಿನಿಂದ. ಜಪಾನಿಗೆ ಬಂದಾಗ ಆ ಸಿಟ್ಟು ಜಾರಿಹೋಯಿತು, ಕಾರಿನ ಕಿಟಕಿ, ಸಮುದ್ರ, ರಾತ್ರಿಯ ದೀಪಗಳು ಉಳಿದವು. ದುಡ್ಡು ಕಾಣತೊಡಗಿದ ಊರಿನ ಸಂಗೀತ. ಅದನ್ನು ಕೊರತೆ ಅನ್ನುವುದಾದರೆ ನಾನು ಜಗಳಕ್ಕೆ ಬರುವುದಿಲ್ಲ.

ಆದರೂ ನಕಲು ಅನ್ನಲು ನಾನು ತಯಾರಿಲ್ಲ. ಬೀಚ್ ಬಾಯ್ಸ್ ಥರದ ಬಿಳಿಯರ ಕೋರಸ್ಸನ್ನು ತಂದು ಕಪ್ಪು ಜನರ ಫಂಕ್ ಲಯದ ಮೇಲೆ ಕೂರಿಸಿದ ಆಲ್ಬಂ ಆ ಕಾಲದ ಅಮೆರಿಕದಲ್ಲಿ ನನಗೆ ಸಿಕ್ಕಿಲ್ಲ. ಅಲ್ಲಿ ರೇಡಿಯೊ ಸ್ಟೇಷನ್ನುಗಳೇ ಬಣ್ಣದ ಮೇಲೆ ಹಂಚಿಹೋಗಿದ್ದವು. ದೂರದಲ್ಲಿದ್ದ ಈ ಮನುಷ್ಯನಿಗೆ ಎರಡೂ ಒಂದೇ ಕಪಾಟಿನ ರೆಕಾರ್ಡ್‌ಗಳು. ಈಗ ಹೊಳೆ ತಿರುಗಿ ಹರಿಯುತ್ತಿದೆ ಅನ್ನುವುದನ್ನೂ ನೋಡಿ. ಅಮೆರಿಕದ ರ್ಯಾಪ್ ಗಾಯಕ ಟೈಲರ್ ದ ಕ್ರಿಯೇಟರ್ 2019ರಲ್ಲಿ ಯಮಾಶಿತರ 'ಫ್ರಜೈಲ್' ಹಾಡಿನ ತುಣುಕನ್ನು ತನ್ನ ಹಾಡಿನಲ್ಲಿ ಬಳಸಿದ. ಕೆನಡಾದ ಗಾಯಕ ದ ವೀಕೆಂಡ್ 2022ರಲ್ಲಿ ತೊಮೊಕೊ ಅರಾನ್ ಅವರ ಹಳೆ ಜಪಾನಿ ಹಾಡಿನ ಮೇಲೆ ತನ್ನ ಹಾಡನ್ನೇ ಕಟ್ಟಿದ.

ಪ್ರಶ್ನೆ: ಸ್ಪಾಟಿಫೈನಲ್ಲಿ ಹುಡುಕಿದೆ, ಇವರ ಆಲ್ಬಂಗಳು ಸಿಗಲಿಲ್ಲ. ಯೂಟ್ಯೂಬಿನಲ್ಲಿ ಇವತ್ತು ಇದ್ದದ್ದು ನಾಳೆ ಇರುವುದಿಲ್ಲ. 'ಪ್ಲಾಸ್ಟಿಕ್ ಲವ್' ಹಾಡಿದವರು ಇವರ ಹೆಂಡತಿಯಂತೆ, ಹೌದಾ? (ಟೊರಾಂಟೊದಿಂದ ಒಬ್ಬ ಕನ್ನಡತಿ)

ಎರಡನೆಯದಕ್ಕೆ ಮೊದಲು ಉತ್ತರ. ಹೌದು, ಮರಿಯಾ ತಾಕೆಉಚಿ. ಅದು 1984ರ ಏಪ್ರಿಲ್‌ನಲ್ಲಿ ಬಂದ 'ವೆರೈಟಿ' ಆಲ್ಬಂನ ಹಾಡು. ಸಾಹಿತ್ಯ, ರಾಗ ಎರಡೂ ಆಕೆಯದೇ. ವಾದ್ಯ ಸಂಯೋಜನೆ, ನಿರ್ಮಾಣ ಯಜಮಾನರದು. ಬಾರಿಸಿದವರು ಮೇಲೆ ಹೇಳಿದ ಅದೇ ಆಓಯಾಮ, ಇತೊ, ನಂಬಾ. ಅದಕ್ಕೇ ಎರಡೂ ಆಲ್ಬಂಗಳು ಒಂದೇ ಮನೆಯ ಅಡುಗೆ ಅನ್ನಿಸುತ್ತವೆ. 2017ರಲ್ಲಿ ಯಾರೋ ಅಭಿಮಾನಿ ಯೂಟ್ಯೂಬಿಗೆ ಏರಿಸಿದ ಮೇಲೆ ಅದನ್ನು ಎರಡು ಕೋಟಿಗೂ ಜಾಸ್ತಿ ಸಲ ಕೇಳಿದರು. ಆಮೇಲೆ ವಿಡಿಯೊ ಮಾಯವಾಯಿತು. ಕಾರಣ ಹಾಡಲ್ಲ, ಅದರ ಮೇಲಿದ್ದ ಫೋಟೊ! ತೆಗೆದ ಛಾಯಾಗ್ರಾಹಕರು ಹಕ್ಕು ಕೇಳಿದ್ದರು. ಆ ಫೋಟೊ 'ಪ್ಲಾಸ್ಟಿಕ್ ಲವ್'ನದ್ದೂ ಅಲ್ಲ, ಆಕೆಯ ಇನ್ನೊಂದು ಹಳೆ ಸಿಂಗಲ್‌ನದ್ದು. ಮುಂದೆ ಅದು ವಾಪಸ್ ಬಂತು.

ಇನ್ನು ಸ್ಟ್ರೀಮಿಂಗ್. ಯಮಾಶಿತ 2022ರ ಒಂದು ಸಂದರ್ಶನದಲ್ಲಿ ತಾನು ಬದುಕಿರುವ ತನಕ ಆ ಕಡೆ ಹೋಗುವುದಿಲ್ಲವೇನೋ ಅನ್ನುವ ಅರ್ಥದ ಮಾತಾಡಿದ್ದರು. ಹಾಡು ಮಾಡುವುದರಲ್ಲಿ ಪಾಲಿಲ್ಲದವರು ಅದನ್ನು ಹರಡಿ ದುಡ್ಡು ಮಾಡುವುದು ಅವರಿಗೆ ಹಿಡಿಸುವುದಿಲ್ಲ. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಹಾಸನದಲ್ಲೋ ಟೊರಾಂಟೊದಲ್ಲೋ ಕೂತ ಕೇಳುಗ ಏನು ಮಾಡಬೇಕು? ಕ್ಯಾಸೆಟ್‌ಗೆ ಇಳಿಸಿಕೊಂಡ ಹುಡುಗರಿಂದಲೇ ದೊಡ್ಡವರಾದವರು ಇಷ್ಟು ಬಿಗಿಯಾಗಬಾರದಿತ್ತು. ಆದರೆ ಅವರ ಹಾಡು, ಅವರ ಹಠ.

ದಾರಿ ಇದೆ. 2023ರ ಮೇ 3ರಂದು 'ಫಾರ್ ಯೂ' ಹೊಸದಾಗಿ ಎಲ್‌ಪಿ ರೆಕಾರ್ಡ್ ಆಗಿಯೂ ಕ್ಯಾಸೆಟ್ ಆಗಿಯೂ ಬಂತು. ಆ ವರ್ಷ ಆರ್‌ವಿಸಿ ಕಾಲದ ಅವರ ಆಲ್ಬಂಗಳನ್ನೆಲ್ಲ ಒಂದೊಂದಾಗಿ ಮತ್ತೆ ಬಿಟ್ಟರು, ಶುರು ಮಾಡಿದ್ದು ಇದರಿಂದಲೇ. ಸಿಡಿ ಇನ್ನೂ ಸುಲಭ, ಬೆಲೆಯೂ ಕಡಿಮೆ, ಜಪಾನಿನ ರೆಕಾರ್ಡ್ ಅಂಗಡಿಗಳು ಹೊರದೇಶಕ್ಕೂ ಕಳಿಸುತ್ತವೆ. ಭಾರತಕ್ಕೆ ತರಿಸುವವರು ಸಾಗಣೆ, ಕಸ್ಟಮ್ಸ್ ಸುಂಕ ಎರಡನ್ನೂ ಸೇರಿಸಿ ಲೆಕ್ಕ ಹಾಕಿಕೊಳ್ಳಿ, ಪೆಟ್ಟಿಗೆ ಬಾಗಿಲಿಗೆ ಬಂದಾಗ ಎದೆ ಧಸಕ್ಕೆನ್ನಬಾರದು. ಹಳೆಯ ಎಲ್‌ಪಿ ಕೊಳ್ಳುವುದಾದರೆ ಕವರಿನ ಪಕ್ಕದಲ್ಲಿ ಸುತ್ತಿರುವ ಕಾಗದದ ಪಟ್ಟಿ ಇದೆಯಾ ಕೇಳಿ. ಜಪಾನಿನವರು ಅದನ್ನು ಓಬಿ ಅನ್ನುತ್ತಾರೆ. ಅದಿದ್ದರೆ ಬೆಲೆ ಏರುತ್ತದೆ, ಕೇಳುವುದಕ್ಕೆ ಮಾತ್ರ ಅದರಿಂದ ಏನೂ ಆಗಬೇಕಾಗಿಲ್ಲ. ಬರೀ ಕೇಳುವವರು ಓಬಿ ಇಲ್ಲದ್ದೇ ತಗೊಳ್ಳಿ.

ಪ್ರಶ್ನೆ: ಎಲ್ಲಿಂದ ಶುರು ಮಾಡಲಿ? ಉದ್ದದ ಪಟ್ಟಿ ಬೇಡ. (ಶಿವಮೊಗ್ಗ)

ಮೊದಲು 'ಬಾಂಬರ್'. ಆಮೇಲೆ 'ಫಾರ್ ಯೂ' ಪೂರ್ತಿ, ನಡುವೆ ಹಾಡು ಹಾರಿಸಬೇಡಿ. ಇಷ್ಟವಾದರೆ ತಾಯೆಕೊ ಓನುಕಿ ಅವರ 1977ರ 'ಸನ್‌ಶವರ್' ಹಿಡಿಯಿರಿ, ವಾದ್ಯ ಸಂಯೋಜನೆ ಸಕಾಮೊಟೊ ಅವರದು. ಡ್ರಮ್ಸ್‌ಗೆ ಅಮೆರಿಕದ 'ಸ್ಟಫ್' ತಂಡದ ಕ್ರಿಸ್ ಪಾರ್ಕರ್ ಇದ್ದಾರೆ. ಇಷ್ಟವಾಗದಿದ್ದರೆ ಬಿಡಿ, ಬಲವಂತ ಏನಿಲ್ಲ.